ಪರನಾಡಿನ ವಿದ್ಯಾರ್ಥಿಗೆ ಕಾವಲು ಯಾರು?

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಐದನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನಕಾವ್ಯ ಅದರ ಮೇಲಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಕತೆಯನ್ನು ನಾವು ತಿಳಿದಿರುವುದು ಮುಖ್ಯವಾಗಿ ಈ ಕಂಬದಿಂದಲೇ. ಕತೆ ಎಲ್ಲರಿಗೂ ಗೊತ್ತಿರುವುದೇ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಹೆಚ್ಚಿನ ಓದಿಗಾಗಿ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗುತ್ತಾನೆ. ಅಲ್ಲಿಯ ಘಟಿಕಾಸ್ಥಾನವನ್ನು ಸೇರುತ್ತಾನೆ. ಅಲ್ಲಿ ಪಲ್ಲವರ 'ಅಶ್ವಸಂಸ್ಥ'ನೊಡನೆ ಜಗಳವಾಗುತ್ತದೆ. ಈ ಪದಕ್ಕೆ ಕುದುರೆಯ ಸವಾರನೆಂದು ಕೆಲವರು, ಅಶ್ವಮೇಧದ ಸಂದರ್ಭವೆಂದು ಕೆಲವರು ಅರ್ಥ ಹೇಳಿದ್ದಾರೆ. ಅದಂತಿರಲಿ. ಅವಮಾನದಿಂದ ಕುದಿದ ವಿದ್ಯಾರ್ಥಿ ದರ್ಭೆಯನ್ನು ಬಿಟ್ಟು ಕತ್ತಿ ಹಿಡಿಯುತ್ತಾನೆ. ಗಡಿಯ ಕಾವಲುಗಾರರನ್ನು ಸೋಲಿಸಿ ಶ್ರೀಪರ್ವತದ ಕಾಡನ್ನು ಸೇರುತ್ತಾನೆ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಬೇಕಾಗುತ್ತದೆ.

ನಾವು ಇದನ್ನು ಕನ್ನಡ ನಾಡಿನ ಮೊದಲ ರಾಜ್ಯವೊಂದು ಹುಟ್ಟಿದ ಕತೆಯೆಂದು ಓದುತ್ತೇವೆ, ಓದಿಸುತ್ತೇವೆ. ಅದು ಸರಿಯೇ. ಆದರೆ ಇದನ್ನೇ ಇನ್ನೊಂದು ಕಡೆಯಿಂದ ನೋಡಬಹುದು. ಓದಲೆಂದು ಬೇರೆ ರಾಜ್ಯಕ್ಕೆ ಹೋದ ಒಬ್ಬ ಹುಡುಗನಿಗೆ ಅಲ್ಲಿ ಅನ್ಯಾಯವಾಯಿತು. ಅವನ ದೂರನ್ನು ಕೇಳುವವರು ಯಾರೂ ಇರಲಿಲ್ಲ. ಘಟಿಕಾಸ್ಥಾನ ಅವನ ಬೆನ್ನಿಗೆ ನಿಂತಿತೆಂದು ಶಾಸನ ಹೇಳುವುದಿಲ್ಲ. ಅವನ ಊರಿನ ಒಡೆಯರು ಮಾತನಾಡಿದರೆಂದೂ ಹೇಳುವುದಿಲ್ಲ. ಮಯೂರಶರ್ಮನಿಗೆ ಕತ್ತಿ ಹಿಡಿಯುವ ಎದೆಗಾರಿಕೆ ಇತ್ತು, ಅವನು ಅರಸನಾದ. ಅಂಥ ಎದೆಗಾರಿಕೆ ಇಲ್ಲದ, ಇರಬೇಕಾದ ಅಗತ್ಯವೂ ಇಲ್ಲದ ಸಾಮಾನ್ಯ ವಿದ್ಯಾರ್ಥಿಯ ಗತಿಯೇನು? ಪರನಾಡಿನಲ್ಲಿ ಓದುತ್ತಿರುವಾಗ ಆ ನಾಡೇ ಹೊತ್ತಿಕೊಂಡರೆ ಅವನಿಗೆ ಕಾವಲು ಯಾರು? ಈ ಪ್ರಶ್ನೆ ಘಟಿಕಾಸ್ಥಾನದಷ್ಟು ಹಳೆಯದು, ಮೊನ್ನೆಯ ಸುದ್ದಿಯಷ್ಟು ಹೊಸದು. ಇದಕ್ಕೆ ಮನುಷ್ಯರು ಬೇರೆ ಬೇರೆ ಕಾಲದಲ್ಲಿ ಕೊಟ್ಟುಕೊಂಡ ಉತ್ತರಗಳನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಲಿಖಿತವಾದ ಮೊದಲ ದೊಡ್ಡ ಉತ್ತರ ದೊರೆತದ್ದು ಇಟಲಿಯ ಬೊಲೋನ್ಯ ನಗರದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ರೋಮನ್ ನ್ಯಾಯಶಾಸ್ತ್ರವನ್ನು ಕಲಿಯಬೇಕೆಂದವರು ಯುರೋಪಿನ ಮೂಲೆಮೂಲೆಗಳಿಂದ ಅಲ್ಲಿಗೆ ಬರುತ್ತಿದ್ದರು. ಆಲ್ಪ್ಸ್ ಪರ್ವತವನ್ನು ದಾಟಿ ಬಂದ ಜರ್ಮನರು, ಫ್ರೆಂಚರು, ಇಂಗ್ಲಿಷರು ಆ ಊರಿನ ಪಾಲಿಗೆ ಪರದೇಶಿಗಳು. ಊರಿನವನಿಗೆ ಇದ್ದ ಹಕ್ಕು ಅವರಿಗಿರಲಿಲ್ಲ. ಇದರ ಮೇಲೆ ಆ ಕಾಲದ ಒಂದು ಕ್ರೂರ ಪದ್ಧತಿ ಅವರನ್ನು ಕಾಡುತ್ತಿತ್ತು. ಒಬ್ಬ ಜರ್ಮನ್ ವ್ಯಾಪಾರಿ ಬೊಲೋನ್ಯದವನಿಂದ ಸಾಲ ಮಾಡಿ ಓಡಿಹೋದನೆನ್ನಿ. ಸಾಲ ಕೊಟ್ಟವನು ಆ ಜರ್ಮನನ ಊರಿನ ಇನ್ನಾರನ್ನಾದರೂ ಹಿಡಿದು ವಸೂಲು ಮಾಡಬಹುದಾಗಿತ್ತು. ಸುಲಭವಾಗಿ ಕೈಗೆ ಸಿಗುತ್ತಿದ್ದವನು ವಿದ್ಯಾರ್ಥಿ. ತಾನು ಕಂಡೇ ಇರದ ಮನುಷ್ಯನ ಸಾಲಕ್ಕೆ ಅವನು ತನ್ನ ಪುಸ್ತಕ, ಬಟ್ಟೆಗಳನ್ನು ಕಳೆದುಕೊಳ್ಳಬೇಕಾಗಿತ್ತು.

1155ರಲ್ಲಿ ಫ್ರೆಡರಿಕ್ ಬಾರ್ಬರೋಸ ಚಕ್ರವರ್ತಿಪಟ್ಟಕ್ಕಾಗಿ ರೋಮಿಗೆ ಹೋಗುತ್ತ ಬೊಲೋನ್ಯದ ಬಳಿ ಬೀಡುಬಿಟ್ಟಿದ್ದ. ಅಲ್ಲಿಯ ಗುರುಗಳೂ ವಿದ್ಯಾರ್ಥಿಗಳೂ ಅವನನ್ನು ಕಂಡು ತಮ್ಮ ಕಷ್ಟವನ್ನು ಹೇಳಿಕೊಂಡರೆಂದು ಆ ಕಾಲದ ಲ್ಯಾಟಿನ್ ಕಾವ್ಯವೊಂದು ವರ್ಣಿಸುತ್ತದೆ. ಆಗ ಹುಟ್ಟಿ, 1158ರಲ್ಲಿ ರೊಂಕಾಲಿಯದ ಸಭೆಯಲ್ಲಿ ಘೋಷಿತವಾದ ಕಟ್ಟಳೆಗೆ 'ಹಾಬಿಟ' ಎಂದು ಹೆಸರು. ಅದರ ಸಾರ ಇಷ್ಟು: ಓದಿಗಾಗಿ ಊರು ಬಿಟ್ಟವರು ನಿರ್ಭಯವಾಗಿ ಹೋಗಿಬರಬೇಕು, ನಿರ್ಭಯವಾಗಿ ನೆಲಸಬೇಕು. ಅವರ ನಾಡಿನ ಇನ್ನೊಬ್ಬನ ಸಾಲಕ್ಕೆ ಅವರನ್ನು ಹಿಡಿಯಕೂಡದು. ಅವರ ಮೇಲೆ ದಾವೆ ಬಂದರೆ, ತಮ್ಮ ಗುರುವಿನ ಮುಂದೆಯೋ ಊರಿನ ಬಿಷಪ್ಪನ ಮುಂದೆಯೋ ವಿಚಾರಣೆಯಾಗಲೆಂದು ಅವರೇ ಆರಿಸಿಕೊಳ್ಳಬಹುದು. ಕಟ್ಟಳೆಯನ್ನು ಮೀರಿ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟಾಗಿ ಹಿಂದಿರುಗಿಸಬೇಕು. ಕಂಡೂ ಸುಮ್ಮನಿರುವ ಅಧಿಕಾರಿಗೂ ಶಿಕ್ಷೆ ತಪ್ಪದು. ಜ್ಞಾನದ ಮೇಲಣ ಪ್ರೀತಿಯಿಂದಲೇ ಇವರು ದೇಶಭ್ರಷ್ಟರಾಗಿದ್ದಾರೆ, ಪ್ರಾಣವನ್ನೇ ಅಪಾಯಕ್ಕೊಡ್ಡಿದ್ದಾರೆ ಎಂಬ ಕಾರಣವನ್ನೂ ಚಕ್ರವರ್ತಿ ಅಲ್ಲಿ ಕೊಟ್ಟಿದ್ದಾನೆ. ಜಸ್ಟಿನಿಯನ್ನನ ನ್ಯಾಯಸಂಹಿತೆಯ ಜೊತೆಗೆ ಈ ಕಟ್ಟಳೆಯನ್ನು ಸೇರಿಸಲಾಯಿತು.

ಚಕ್ರವರ್ತಿಗೆ ತನ್ನದೇ ಲೆಕ್ಕಾಚಾರವಿತ್ತೆಂಬುದು ನಿಜ. ತನ್ನ ಅಧಿಕಾರವನ್ನು ಸಮರ್ಥಿಸುವ ನ್ಯಾಯಪಂಡಿತರು ಅವನಿಗೆ ಬೇಕಾಗಿದ್ದರು. ಆದರೂ ಒಂದು ತತ್ತ್ವ ಅಲ್ಲಿ ಸ್ಥಾಪಿತವಾಯಿತು: ವಿದ್ಯಾರ್ಥಿ ತನ್ನ ದೇಶದವರ ತಪ್ಪಿಗೆ ಒತ್ತೆಯಲ್ಲ.

ಆದರೆ ಚಕ್ರವರ್ತಿ ಇರುವುದು ಆಲ್ಪ್ಸಿನ ಆಚೆ. ಜಗಳ ನಡೆಯುವುದು ಬೊಲೋನ್ಯದ ಬೀದಿಯಲ್ಲಿ. ಆದ್ದರಿಂದ ವಿದ್ಯಾರ್ಥಿಗಳು ಎರಡನೆಯ ಉತ್ತರವನ್ನು ತಾವೇ ಕಂಡುಕೊಂಡರು. ಒಂದೊಂದು ನಾಡಿನವರು ಒಂದೊಂದು ಕೂಟವಾದರು. ಅದಕ್ಕೆ 'ನೇಷನ್' ಎಂದು ಹೆಸರು. ಕಾಯಿಲೆ ಬಿದ್ದವನನ್ನು ನೋಡಿಕೊಳ್ಳುವುದು, ಸತ್ತವನನ್ನು ಮಣ್ಣು ಮಾಡುವುದು, ಮನೆ ಬಾಡಿಗೆಯ ವ್ಯಾಜ್ಯ ಬಿಡಿಸುವುದು, ಊರಿನವರೊಡನೆ ಜಗಳವಾದರೆ ಒಟ್ಟಾಗಿ ನಿಲ್ಲುವುದು ಈ ಕೂಟಗಳ ಕೆಲಸ. ಬೊಲೋನ್ಯದ ಜರ್ಮನ್ ಕೂಟದ ಲೆಕ್ಕಪುಸ್ತಕಗಳು 1289ರಿಂದ ಉಳಿದುಬಂದಿವೆ. ಯಾರು ಎಷ್ಟು ವಂತಿಗೆ ಕೊಟ್ಟರೆಂದು ಅದರಲ್ಲಿ ಹೆಸರು ಹೆಸರಾಗಿ ಬರೆದಿದೆ. ನೋಡಿದರೆ ಬರಿಯ ಜಮಾಖರ್ಚು. ಆದರೆ ಪರನಾಡಿನಲ್ಲಿ ನಮ್ಮವರು ಯಾರು ಯಾರು ಇದ್ದಾರೆಂಬ ಪಟ್ಟಿಯೇ ಕಾವಲಿನ ಮೊದಲ ಹೆಜ್ಜೆಯೆಂಬುದನ್ನು ಆ ಹುಡುಗರು ಏಳುನೂರು ವರ್ಷಗಳ ಹಿಂದೆಯೇ ತಿಳಿದಿದ್ದರು. ಇಂಥ ಕೂಟಗಳು ಸೇರಿ ಆದ ಸಂಘಕ್ಕೆ 'ಯೂನಿವರ್ಸಿಟಾಸ್' ಎಂದು ಹೆಸರಾಯಿತು. ಆ ಮಾತಿನ ಅಂದಿನ ಅರ್ಥ ಒಟ್ಟಾಗಿ ಸೇರಿದವರ ಸಂಘ ಎಂದಷ್ಟೆ. ನಾವು ಅದನ್ನು ವಿಶ್ವವಿದ್ಯಾನಿಲಯವೆಂದು ಕರೆದು ಅದರೊಳಗೆ ವಿಶ್ವವನ್ನೇ ತುಂಬಿದೆವು. ಬೊಲೋನ್ಯದಲ್ಲಿ ಮೊದಲು ಅದರೊಳಗೆ ಇದ್ದದ್ದು, ಪರಸ್ಪರ ಕೈಹಿಡಿದು ನಿಂತ ಪರದೇಶದ ಹುಡುಗರು.

ಮೂರನೆಯ ಉತ್ತರ ಪ್ಯಾರಿಸಿನದು. 1229ರ ಹಬ್ಬದ ದಿನಗಳಲ್ಲಿ ಹೆಂಡದಂಗಡಿಯೊಂದರಲ್ಲಿ ಲೆಕ್ಕದ ವಿಚಾರಕ್ಕೆ ವಿದ್ಯಾರ್ಥಿಗಳಿಗೂ ಅಂಗಡಿಯವನಿಗೂ ಜಗಳವಾಯಿತು. ಮಾರನೆಯ ದಿನ ವಿದ್ಯಾರ್ಥಿಗಳು ದೊಣ್ಣೆ ಹಿಡಿದು ಬಂದು ದಾಂಧಲೆ ಮಾಡಿದರು. ಅವರ ತಪ್ಪು ಇರಲಿಲ್ಲವೆಂದಲ್ಲ. ಆದರೆ ನಗರದ ಕಾವಲುಪಡೆ ತನ್ನ ಸಿಟ್ಟು ತೀರಿಸಿಕೊಂಡದ್ದು ಆ ಜಗಳಕ್ಕೆ ಸಂಬಂಧವೇ ಇಲ್ಲದ ವಿದ್ಯಾರ್ಥಿಗಳ ಮೇಲೆ. ಹಲವರು ಸತ್ತರು. ನ್ಯಾಯ ದೊರೆಯದೆ ಹೋದಾಗ ಗುರುಗಳು ಪಾಠವನ್ನೇ ನಿಲ್ಲಿಸಿ ಊರು ಬಿಟ್ಟರು. ಕೆಲವರು ತೂಲೂಸಿಗೆ, ಕೆಲವರು ಆಂಜೇಗೆ, ಕೆಲವರು ಇಂಗ್ಲೆಂಡಿನ ಮೂರನೆಯ ಹೆನ್ರಿಯ ಆಹ್ವಾನದ ಮೇಲೆ ಸಮುದ್ರದಾಚೆಗೆ ಹೋದರು. ಎರಡು ವರ್ಷ ಪ್ಯಾರಿಸಿನ ವಿದ್ಯಾಪೀಠ ಬಣಗುಟ್ಟಿತು. ಕೊನೆಗೆ 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿ ಹೊರಡಿಸಿದ ಶಾಸನ, ವಿದ್ಯಾರ್ಥಿಗಳ ಪ್ರಾಣಕ್ಕೆ ಹಾನಿಯಾಗಿ ಪರಿಹಾರ ಸಿಗದಿದ್ದರೆ ಪಾಠವನ್ನು ನಿಲ್ಲಿಸುವ ಹಕ್ಕು ಗುರುಗಳಿಗಿದೆಯೆಂದು ಒಪ್ಪಿತು. ಪಾಠ ನಡೆಸುವ ಅಧಿಕಾರ ಎಲ್ಲ ವಿದ್ಯಾಸಂಸ್ಥೆಗಳಿಗೂ ಇರುತ್ತದೆ. ಪಾಠ ನಿಲ್ಲಿಸುವುದೂ ವಿದ್ಯಾರ್ಥಿಯ ರಕ್ಷಣೆಯ ಒಂದು ಬಗೆಯೆಂಬುದನ್ನು ಜಗತ್ತು ಕಲಿತದ್ದು ಹೀಗೆ.

ಅರಸನ ಕಟ್ಟಳೆ, ಒಡನಾಡಿಗಳ ಕೂಟ, ಪಾಠ ನಿಲ್ಲಿಸುವ ಗುರುವಿನ ಧೈರ್ಯ. ಈ ಮೂರು ಕಾವಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಾಲವನ್ನು ನೋಡೋಣ.

ಮೊದಲನೆಯ ಕಾವಲಿಗೆ ಒಂದು ಮಿತಿಯಿದೆ. ಅರಸರು ಅರಸರೊಡನೆ ಕಾದಾಡತೊಡಗಿದಾಗ ಅದು ಮುರಿದುಬೀಳುತ್ತದೆ. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡಾಗ ಜೇಮ್ಸ್ ಚಾಡ್ವಿಕ್ ಎಂಬ ಇಪ್ಪತ್ತೆರಡು ವರ್ಷದ ಇಂಗ್ಲಿಷ್ ತರುಣ ಬರ್ಲಿನ್ನಿನಲ್ಲಿದ್ದ. ವಿದ್ಯಾರ್ಥಿವೇತನ ಪಡೆದು ಹಾನ್ಸ್ ಗೈಗರನ ಪ್ರಯೋಗಶಾಲೆಯಲ್ಲಿ ಕೆಲಸ ಕಲಿಯಲು ಹಿಂದಿನ ವರ್ಷವಷ್ಟೇ ಬಂದಿದ್ದ. ಸಕಾಲದಲ್ಲಿ ಹೊರಡಲಾಗಲಿಲ್ಲ. ಬರ್ಲಿನ್ನಿನ ಹೊರಗೆ ರೂಲೇಬೆನ್ ಎಂಬಲ್ಲಿ ಕುದುರೆ ಪಂದ್ಯದ ಮೈದಾನವಿತ್ತು. ಬ್ರಿಟಿಷ್ ಪ್ರಜೆಗಳಾದ ಸಾವಿರಾರು ಗಂಡಸರನ್ನು ಆ ಮೈದಾನದ ಲಾಯಗಳಲ್ಲಿ ಕೂಡಿಹಾಕಿದರು. ಚಾಡ್ವಿಕ್ 1918ರ ನವೆಂಬರಿನವರೆಗೆ ಅಲ್ಲಿಯೇ ಉಳಿಯಬೇಕಾಯಿತು. ಹೊಟ್ಟೆಗೆ ಸಾಲದು, ಚಳಿಗೆ ಹೊದಿಕೆ ಸಾಲದು. ಅಲ್ಲಿಯೂ ಅವನು ಲಾಯದ ಮೂಲೆಯಲ್ಲಿ ಒಂದು ಪುಟ್ಟ ಪ್ರಯೋಗಶಾಲೆ ಮಾಡಿಕೊಂಡ. ವಿಕಿರಣ ವಸ್ತು ಬೆರೆಸಿ ಆಗ ಅಂಗಡಿಯಲ್ಲಿ ಮಾರುತ್ತಿದ್ದ ಹಲ್ಲುಜ್ಜುವ ಪೇಸ್ಟನ್ನು ತರಿಸಿಕೊಂಡು ಪ್ರಯೋಗ ನಡೆಸಿದ. ಚಾರ್ಲ್ಸ್ ಎಲ್ಲಿಸ್ ಎಂಬ ಸೈನಿಕ ಶಾಲೆಯ ಹುಡುಗ ಅಲ್ಲಿಯೇ ಅವನಿಂದ ಭೌತವಿಜ್ಞಾನ ಕಲಿತು ಮುಂದೆ ಹೆಸರಾದ ವಿಜ್ಞಾನಿಯಾದ. 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದು 1935ರಲ್ಲಿ ನೊಬೆಲ್ ಬಹುಮಾನ ಪಡೆದವನು ಇದೇ ಚಾಡ್ವಿಕ್.

ಅದೇ ಬರ್ಲಿನ್ನಿನಲ್ಲಿ ಆಗ ನಮ್ಮವನೊಬ್ಬನೂ ಇದ್ದ. ಜಗದೀಶಚಂದ್ರ ಬಸುಗಳ ಸೋದರಳಿಯ ದೇವೇಂದ್ರಮೋಹನ ಬಸು, ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರವಾಸವೇತನದ ಮೇಲೆ 1914ರಲ್ಲಿ ಅಲ್ಲಿಗೆ ಹೋದವರು. ಯುದ್ಧ ಅವರನ್ನು ಅಲ್ಲಿಯೇ ನಿಲ್ಲಿಸಿತು. ಪ್ರಬಂಧ ಒಪ್ಪಿಸಲು ಯುದ್ಧ ಮುಗಿಯುವವರೆಗೆ ಅವಕಾಶ ದೊರೆಯಲಿಲ್ಲ. ಪದವಿ ಪಡೆದು ಅವರು ಊರಿಗೆ ಬಂದದ್ದು 1919ರಲ್ಲಿ. ಇಬ್ಬರೂ ದೊಡ್ಡವರಾದರು, ಅದರಿಂದಲೇ ಇತಿಹಾಸ ಅವರನ್ನು ನೆನೆಯುತ್ತದೆ. ಕಷ್ಟವೇ ಅವರನ್ನು ದೊಡ್ಡವರನ್ನಾಗಿ ಮಾಡಿತೆಂದು ನೀತಿ ಹೇಳಲು ನನಗೆ ಮನಸ್ಸಿಲ್ಲ. ಆ ಲಾಯಗಳಲ್ಲಿ ನಾಲ್ಕು ವರ್ಷ ಕಳೆದು, ಓದು ಕೈಬಿಟ್ಟು, ಹೆಸರಿಲ್ಲದೆ ಹೋದವರೇ ಹೆಚ್ಚು. ಬಾರ್ಬರೋಸ ಯಾವುದನ್ನು ನಿಷೇಧಿಸಿದ್ದನೋ ಅದನ್ನೇ ಇಪ್ಪತ್ತನೆಯ ಶತಮಾನ ಮತ್ತೆ ಮಾಡಿತು: ದೊರೆಗಳ ಸಾಲವನ್ನು ವಿದ್ಯಾರ್ಥಿಗಳಿಂದ ವಸೂಲು ಮಾಡಿತು.

ಈಗ ನಮ್ಮ ಕಾಲಕ್ಕೆ ಬರೋಣ. 2022ರ ಹೊತ್ತಿಗೆ ಉಕ್ರೇನಿನಲ್ಲಿ ಇಪ್ಪತ್ತು ಸಾವಿರದಷ್ಟು ಭಾರತೀಯರಿದ್ದರು. ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. ಇಲ್ಲಿ ಸರಕಾರಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಶುಲ್ಕ ತೆರಲಾಗದೆ ಹೋದ ಮಧ್ಯಮ ವರ್ಗದ ಮಕ್ಕಳು. ಅವರ ಬೆನ್ನ ಹಿಂದೆ ಅಡವಿಟ್ಟ ಹೊಲವಿತ್ತು, ಬ್ಯಾಂಕಿನ ಸಾಲವಿತ್ತು. ಅನೇಕರು ಓದುತ್ತಿದ್ದ ಖಾರ್ಕಿವ್ ಮತ್ತು ಸುಮಿ ನಗರಗಳು ರಷ್ಯದ ಗಡಿಗೆ ತೀರ ಸಮೀಪದವು. ಸುಮಾರು ನಲವತ್ತು ಕಿಲೋಮೀಟರು ದೂರ. ಪಶ್ಚಿಮದ ಸುರಕ್ಷಿತ ಗಡಿಯಾದರೋ ಖಾರ್ಕಿವ್‌ನಿಂದ ಸಾವಿರ ಕಿಲೋಮೀಟರಿನಾಚೆ.

ನಡೆದದ್ದನ್ನು ದಿನಾಂಕಗಳ ಕ್ರಮದಲ್ಲಿಯೇ ನೋಡಬೇಕು. ಏಕೆಂದರೆ ಇಂಥ ಸಮಯದಲ್ಲಿ ಒಂದೊಂದು ದಿನವೂ ಒಂದೊಂದು ಬಾಗಿಲು. ಜನವರಿಯಲ್ಲಿ ಕೀವ್ ನಗರದ ನಮ್ಮ ರಾಯಭಾರ ಕಚೇರಿ ಅಲ್ಲಿಯ ಭಾರತೀಯರೆಲ್ಲ ಹೆಸರು ನೋಂದಾಯಿಸಬೇಕೆಂದು ಕೇಳಿತು. ಫೆಬ್ರವರಿ 15ರಂದು, ಇರಲೇಬೇಕಾದ ಅಗತ್ಯವಿಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಬಹುದೆಂದು ಸೂಚಿಸಿತು. 20ರಂದು ಮತ್ತೊಂದು ಸೂಚನೆ. 22ರಂದು ಮೂರನೆಯದು: ಪಾಠಗಳು ದೂರದಿಂದಲೇ ನಡೆಯುತ್ತವೆಯೆ ಎಂದು ವಿಶ್ವವಿದ್ಯಾನಿಲಯದ ಅಧಿಕೃತ ಮಾತಿಗೆ ಕಾಯಬೇಡಿ, ಹೊರಡಿ. 24ರ ಬೆಳಗ್ಗೆ ಯುದ್ಧ ಆರಂಭವಾಯಿತು, ಆಕಾಶಮಾರ್ಗ ಮುಚ್ಚಿತು. ಕರೆತರಲು ಹೊರಟಿದ್ದ ನಮ್ಮ ವಿಮಾನ ಅರ್ಧದಾರಿಯಿಂದ ಹಿಂದಿರುಗಿತು.

ಆ ಹೊತ್ತಿಗೆ ಊರು ಸೇರಿದ್ದವರು ಸುಮಾರು ನಾಲ್ಕು ಸಾವಿರ ಮಂದಿ ಮಾತ್ರ. ಉಳಿದವರು ಏಕೆ ಹೊರಡಲಿಲ್ಲ? ಮಕ್ಕಳು ಉಡಾಫೆ ಮಾಡಿದರೆಂದು ಆಗ ಕೆಲವರು ಆಡಿಕೊಂಡರು. ಆ ಮಾತು ನ್ಯಾಯವಲ್ಲ. ಮೂರನೆಯ ಸೂಚನೆಯ ಒಕ್ಕಣೆಯನ್ನು ಗಮನಿಸಿದರೆ ಉತ್ತರ ಅಲ್ಲಿಯೇ ಇದೆ. ವಿಶ್ವವಿದ್ಯಾನಿಲಯಗಳು ಪಾಠವನ್ನು ನಿಲ್ಲಿಸಿರಲಿಲ್ಲ. ಕೆಲವು ವಿದ್ಯಾರ್ಥಿಗಳನ್ನು ಹೊರಡದಂತೆ ತಡೆದವು, ದೂರಪಾಠಕ್ಕೆ ಹಿಂಜರಿದವು ಎಂಬುದನ್ನು ನಮ್ಮ ವಿದೇಶಾಂಗ ಸಚಿವರು 2022ರ ಮಾರ್ಚಿನಲ್ಲಿ ಸಂಸತ್ತಿನಲ್ಲಿ ಹೇಳಿದರು. ಹೊರಟರೆ ಹಾಜರಿ ತಪ್ಪುತ್ತದೆ. ಹಾಜರಿ ತಪ್ಪಿದರೆ ವರ್ಷ ತಪ್ಪುತ್ತದೆ. ನಮ್ಮ ನಿಯಮವೂ ಅವರ ಕಾಲನ್ನು ಕಟ್ಟಿತ್ತು. 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾಡಿದ ನಿಯಮದ ಪ್ರಕಾರ, ಹೊರದೇಶದಲ್ಲಿ ಓದಿ ಇಲ್ಲಿ ವೈದ್ಯರಾಗಬೇಕೆನ್ನುವವರು ಕನಿಷ್ಠ 54 ತಿಂಗಳ ಪಾಠವನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಸಂಸ್ಥೆಯಲ್ಲಿ ಮುಗಿಸಬೇಕು. ಗುಣಮಟ್ಟದ ದೃಷ್ಟಿಯಿಂದ ಆ ನಿಯಮಕ್ಕೆ ಅರ್ಥವಿದೆ. ಆದರೆ ಯುದ್ಧದ ಅಂಚಿನಲ್ಲಿ ಕುಳಿತ ಹುಡುಗನ ಕಿವಿಗೆ ಅದು ಬೇರೆಯೇ ಮಾತನ್ನು ಹೇಳಿತು: ಇಲ್ಲಿಂದ ಕದಲಿದರೆ ಕೆಟ್ಟೆ.

ಮುಂದಿನ ಎರಡು ವಾರಗಳ ಕತೆ ಎಲ್ಲರೂ ಕಣ್ಣಾರೆ ಕಂಡದ್ದು. ಖಾರ್ಕಿವ್‌ನ ಮಕ್ಕಳು ನೆಲಮಾಳಿಗೆಗಳಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ ದಿನ ಕಳೆದರು. ಮಾರ್ಚ್ 1ರಂದು, ಆಹಾರ ತರಲು ಹೊರಗೆ ಬಂದಿದ್ದ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆ ದಿನ ಕರ್ನಾಟಕದ ಮನೆಮನೆಯಲ್ಲಿ ಮೌನವಿತ್ತು. ಮರುದಿನ ರಾಯಭಾರ ಕಚೇರಿಯ ತುರ್ತು ಸೂಚನೆ ಬಂತು: ಖಾರ್ಕಿವ್ ಬಿಡಿ, ಸಂಜೆ ಆರು ಗಂಟೆಯೊಳಗೆ ಪಿಸೋಚಿನ್, ಬಾಬಾಯ್, ಬೆಜ್ಲ್ಯೂಡೊವ್ಕ ಊರುಗಳನ್ನು ತಲಪಿ, ವಾಹನವಿಲ್ಲದವರು ನಡೆದೇ ಹೋಗಿ. ಹನ್ನೊಂದರಿಂದ ಹದಿನಾರು ಕಿಲೋಮೀಟರು ದೂರ, ಹಿಮದ ದಾರಿ, ತಲೆಯ ಮೇಲೆ ಸ್ಫೋಟದ ಸದ್ದು. ಪಶ್ಚಿಮದ ಗಡಿಗಳಲ್ಲಿ ಚಳಿಯಲ್ಲಿ ದಿನಗಟ್ಟಲೆ ನಿಂತವರು, ತಮ್ಮನ್ನು ತಡೆದು ಹಿಂದಕ್ಕೆ ತಳ್ಳಿದರೆಂದು ಹೇಳಿದವರು ಅನೇಕರು.

ಸುಮಿಯಲ್ಲಿ ಸಿಕ್ಕಿಬಿದ್ದಿದ್ದ ಸುಮಾರು ಏಳುನೂರು ವಿದ್ಯಾರ್ಥಿಗಳ ಪಾಡು ಇನ್ನೂ ಕಠಿಣ. ನೀರು ನಿಂತಾಗ ಹಿಮ ಕರಗಿಸಿ ಕುಡಿದರು. ಮಾರ್ಚ್ 7ರಂದು ಬಸ್ಸು ಹತ್ತಿದವರನ್ನು, ಕದನವಿರಾಮ ನಿಲ್ಲಲಿಲ್ಲವೆಂದು ಇಳಿಸಬೇಕಾಯಿತು. ಎರಡೂ ರಾಜಧಾನಿಗಳೊಡನೆ ದೆಹಲಿ ಮಾತನಾಡಿದ ಮೇಲೆ 8ರಂದು ದಾರಿ ತೆರೆಯಿತು. ಪೋಲ್ತಾವದ ಮಾರ್ಗವಾಗಿ ಅವರು ಹೊರಬಂದರು. 'ಆಪರೇಷನ್ ಗಂಗಾ' ಎಂಬ ಹೆಸರಿನ ಈ ಕಾರ್ಯದಲ್ಲಿ 90 ವಿಮಾನಯಾನಗಳು ನಡೆದವು. ಅವುಗಳಲ್ಲಿ 14 ವಾಯುಪಡೆಯವು. ಸುಮಾರು 22,500 ಭಾರತೀಯರು ಹಿಂದಿರುಗಿದರೆಂದು ಸಂಸತ್ತಿಗೆ ತಿಳಿಸಲಾಯಿತು. ಜೊತೆಗೆ 18 ದೇಶಗಳ 147 ಮಂದಿಯನ್ನೂ ಕರೆತರಲಾಯಿತು.

ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಸಾಧನೆಯನ್ನು ಮೆಚ್ಚುತ್ತಲೇ ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಯೊಂದಿದೆ. ಮೂರು ಕಾವಲುಗಳಲ್ಲಿ ಯಾವುದು ನಿಂತಿತು, ಯಾವುದು ಕುಸಿಯಿತು? ಅರಸನ ಕಾವಲು ತಡವಾಗಿಯಾದರೂ ನಿಂತಿತು. ಕೂಟದ ಕಾವಲು ಚೆನ್ನಾಗಿ ನಿಂತಿತು. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಎಣಿಸಿ ಗುಂಪು ಕಟ್ಟಿದರು, ಅಕ್ಕಿ ಬೇಳೆ ಹಂಚಿದರು, ಬಸ್ಸುಗಳಿಗೆ ತ್ರಿವರ್ಣ ಧ್ವಜ ಕಟ್ಟಿಕೊಂಡು ಹೊರಟರು. ಬೊಲೋನ್ಯದ ನೇಷನ್ ಖಾರ್ಕಿವ್‌ನ ನೆಲಮಾಳಿಗೆಯಲ್ಲಿ ಮತ್ತೆ ಹುಟ್ಟಿತೆನ್ನಬಹುದು. ಕುಸಿದದ್ದು ಮೂರನೆಯದು. 1231ರಲ್ಲಿ ಪ್ಯಾರಿಸಿನ ಗುರುಗಳು ಗೆದ್ದುಕೊಂಡ ಹಕ್ಕನ್ನು ಬಳಸುವವರು 2022ರ ಫೆಬ್ರವರಿಯಲ್ಲಿ ಇರಲಿಲ್ಲ. ಆ ತಿಂಗಳ ಮಧ್ಯದಲ್ಲಿಯೇ ಪಾಠ ನಿಂತಿದ್ದರೆ, ಅಥವಾ ಹಾಜರಿಯ ಹೆದರಿಕೆ ಇಲ್ಲದಿದ್ದರೆ, ಆಕಾಶ ತೆರೆದಿದ್ದ ಆ ಒಂಬತ್ತು ದಿನಗಳಲ್ಲಿ ಇನ್ನೂ ಸಾವಿರಾರು ಮಂದಿ ಟಿಕೆಟ್ ಕೊಂಡು ನೆಮ್ಮದಿಯಾಗಿ ಬರುತ್ತಿದ್ದರು.

ಆಯೋಗ ತನ್ನ ನಿಯಮವನ್ನು ಸಡಿಲಿಸಿ, ಆ ವಿದ್ಯಾರ್ಥಿಗಳು ಬೇರೆ ದೇಶದ ವಿಶ್ವವಿದ್ಯಾನಿಲಯದಲ್ಲಿ ಓದು ಮುಂದುವರಿಸಬಹುದೆಂದು ಒಪ್ಪಿದ್ದು 2022ರ ಸೆಪ್ಟೆಂಬರಿನಲ್ಲಿ, ಯುದ್ಧ ಹತ್ತಿ ಆರು ತಿಂಗಳಾದ ಮೇಲೆ. ಒಪ್ಪಿದ್ದು ಒಳ್ಳೆಯದಾಯಿತು. ಆದರೆ ಸಂಕಟ ಕಳೆದ ಮೇಲೆ ಕೊಡಬಹುದಾದ ರಿಯಾಯಿತಿಯನ್ನು ಸಂಕಟಕ್ಕೆ ಮೊದಲೇ ನಿಯಮದಲ್ಲಿ ಬರೆದಿಡುವುದು ಅಸಾಧ್ಯವೆ? ರಾಯಭಾರ ಕಚೇರಿ ಹೊರಡಿರೆಂದು ಹೇಳಿದ ದಿನದಿಂದ ಹಾಜರಿಯ ಕೊರತೆ ಎಣಿಕೆಗೆ ಬಾರದು, ಓದಿನ ವರ್ಷ ನಷ್ಟವಾಗದು ಎಂಬ ಒಂದು ಸಾಲನ್ನು, ಹೊರದೇಶದ ಸಂಸ್ಥೆಗಳೊಡನೆ ನಾವು ಮಾಡಿಕೊಳ್ಳುವ ಒಪ್ಪಂದಗಳಲ್ಲಿಯೂ ನಮ್ಮ ನಿಯಮಗಳಲ್ಲಿಯೂ ಸೇರಿಸಬಾರದೆ? ಬಾರ್ಬರೋಸನ ಕಟ್ಟಳೆಯಾದರೂ ಉದ್ದವಾದದ್ದೇನಲ್ಲ.

ಉಕ್ರೇನಿಗೆ ಇದು ಮುಗಿಯಲಿಲ್ಲ. 2024ರ ಜುಲೈಯಲ್ಲಿ ಬಾಂಗ್ಲಾದೇಶದಲ್ಲಿ ಗಲಭೆ ಎದ್ದಾಗ ಇಂಟರ್‌ನೆಟ್ ಸಂಪರ್ಕವೇ ಕಡಿದುಹೋಗಿ, ಅಲ್ಲಿದ್ದ ನಮ್ಮ ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಗಡಿ ದಾಟಿ ಬಂದರು. ಸಂಪರ್ಕ ಇರುವಾಗಲೇ ದಾರಿಯನ್ನು ಗೊತ್ತುಮಾಡಿಕೊಂಡಿರಬೇಕೆಂಬ ಪಾಠ ಅಲ್ಲಿದೆ. 2025ರ ಜೂನ್ 13ರಂದು ಇರಾನಿನ ಮೇಲೆ ದಾಳಿ ಆರಂಭವಾದಾಗ ರಾಯಭಾರ ಕಚೇರಿ ತೆಹರಾನಿನ ವಿದ್ಯಾರ್ಥಿಗಳನ್ನು ನಗರದಿಂದ ಬೇಗನೆ ಹೊರಗೆ ಸಾಗಿಸಿತು. 110 ವಿದ್ಯಾರ್ಥಿಗಳ ಮೊದಲ ತಂಡ ಅರ್ಮೇನಿಯದ ಮೂಲಕ 19ರಂದು ದೆಹಲಿ ಸೇರಿತು. ಆರು ದಿನ. ಉಕ್ರೇನಿನ ಅನುಭವ ವ್ಯರ್ಥವಾಗಲಿಲ್ಲವೆನ್ನಬಹುದು.

ಹಾಗೆಂದು ಮಕ್ಕಳನ್ನು ಹೊರಗೆ ಕಳಿಸಲೇಬಾರದೆಂಬ ಮಾತನ್ನು ನಾನು ಒಪ್ಪಲಾರೆ. ಕಂಚಿಗೆ ಹೋಗುವವರನ್ನು ತಾಳಗುಂದದ ಹಿರಿಯರು ತಡೆದಿದ್ದರೆ ನಮಗೆ ಕದಂಬರಿರುತ್ತಿರಲಿಲ್ಲ. ಹೋಗುವವರು ಹೋಗಲಿ. ಹೋಗುವಾಗ ಮೂರು ಕೆಲಸಗಳನ್ನು ಮರೆಯದಿರಲಿ. ತಲಪಿದ ವಾರದಲ್ಲಿಯೇ ರಾಯಭಾರ ಕಚೇರಿಯ ಪಟ್ಟಿಯಲ್ಲಿ ಹೆಸರು ಸೇರಲಿ. ನಮ್ಮವರ ಕೂಟವೊಂದಿದ್ದರೆ ಅದರಲ್ಲಿ ಸೇರಲಿ, ಇಲ್ಲದಿದ್ದರೆ ಕಟ್ಟಲಿ. ಹೊರಡಬೇಕಾಗಿ ಬಂದರೆ ಯಾವ ದಾರಿ, ಯಾವ ಗಡಿ ಎಂಬುದನ್ನು ನೆಮ್ಮದಿಯ ದಿನಗಳಲ್ಲಿಯೇ ವಿಚಾರಿಸಿಟ್ಟುಕೊಳ್ಳಲಿ. ತಂದೆತಾಯಿಗಳಿಗೂ ಒಂದು ಮಾತು. ಹೊರಡುವ ಸೂಚನೆ ಬಂದ ದಿನ ಮಗಳೋ ಮಗನೋ ದೂರದಿಂದ ಕರೆ ಮಾಡಿ 'ಏನು ಮಾಡಲಿ?' ಎಂದು ಕೇಳಿದರೆ, ಕಟ್ಟಿದ ಶುಲ್ಕದ ಮಾತನ್ನು ಎತ್ತಬೇಡಿ. 'ಬಂದುಬಿಡು' ಎನ್ನಿ. ಎಷ್ಟೋ ಮಕ್ಕಳು ಕಾಯುವುದು ಆ ಒಂದು ಮಾತಿಗೆ.

ಉಳಿದದ್ದು ನನ್ನಂತೆ ಪಾಠ ಹೇಳುವ ವೃತ್ತಿಯವರ ಪಾಲಿಗೆ. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕವನ್ನು ಕೈಯಲ್ಲಿ ಹಿಡಿದವನು ನಾನು. ಹೆಸರು ಕರೆದಾಗ ಹುಡುಗ ಎದ್ದುನಿಂತು 'ಹಾಜರು' ಎನ್ನಬೇಕು ಎಂಬುದಕ್ಕಾಗಿಯೇ ಆ ಪುಸ್ತಕ ಇರುವುದು. ಅವನನ್ನು ಬದುಕಿಸಿಕೊಳ್ಳಲು ಕೆಲವು ಪುಟಗಳನ್ನು ಖಾಲಿ ಬಿಡಬೇಕಾಗಿ ಬಂದರೆ, ಖಾಲಿ ಬಿಡುವುದೇ ಗುರುವಿನ ಧರ್ಮ.

(ಬಾನುಲಿ ಭಾಷಣ)